ಕಾರಣ ಗೊತ್ತಿಲ್ಲದ ಲಿವರ್ ವೈಫಲ್ಯ: ಮದ್ದು ಕೊಟ್ಟದ್ದು ಸರಿಯೇ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಅಣ್ಣನಿಗೆ 36 ವರ್ಷ, ಅಡಿಕೆ ತೋಟ ನೋಡಿಕೊಂಡಿರುವವನು, ಕುಡಿಯುವವನಲ್ಲ. ಕಳೆದ ಜುಲೈಯಲ್ಲಿ ಕಾಮಾಲೆ ಬಂತು. ಊರಿನ ಮದ್ದು ಮಾಡಿದೆವು. ಹತ್ತನೇ ದಿನ ಹಗಲೆಲ್ಲ ನಿದ್ದೆ, ರಾತ್ರಿ ಎದ್ದು ಕೂತು ಏನೇನೋ ಮಾತು. ಮಂಗಳೂರಿಗೆ ಕೊಂಡುಹೋದೆವು. ಹೆಪಟೈಟಿಸ್ ಪರೀಕ್ಷೆಗಳೆಲ್ಲ ನೆಗೆಟಿವ್. ‘ಲಿವರ್ ಫೇಲ್ ಆಗಿದೆ, ಕಾರಣ ಗೊತ್ತಾಗುತ್ತಿಲ್ಲ’ ಎಂದರು. ಆದರೂ ಅಂದೇ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದನ್ನು ಡ್ರಿಪ್ಪಿನಲ್ಲಿ ಶುರು ಮಾಡಿ ಮೂರು ದಿನ ಕೊಟ್ಟರು. ಅಣ್ಣ ಬದುಕಿ, ಮನೆಗೆ ನಡೆದು ಬಂದ. ಡಿಸ್ಚಾರ್ಜ್ ಕಾಗದದಲ್ಲೂ ‘ಕಾರಣ ತಿಳಿದಿಲ್ಲ’ ಎಂದೇ ಇದೆ. ಅದು ಪ್ಯಾರಾಸಿಟಮಾಲ್ ಹೆಚ್ಚಾದವರಿಗೆ ಕೊಡುವ ಮದ್ದು ಎಂದು ಆಮೇಲೆ ತಿಳಿಯಿತು. ಕಾರಣ ಗೊತ್ತಿಲ್ಲದೆ ಕೊಟ್ಟದ್ದು ಸರಿಯೇ? ಸ್ಟಿರಾಯ್ಡ್ ಕೊಡಬೇಕಿತ್ತು ಎಂದು ನೆಂಟರು ಹೇಳುತ್ತಾರೆ. ಪಕ್ಕದ ಮನೆಯ ಒಂದೂವರೆ ವರ್ಷದ ಮಗುವಿಗೆ ಇಂಥದೇ ಕಾಯಿಲೆಯಾದಾಗ ಈ ಮದ್ದು ಕೊಡಲಿಲ್ಲವಂತೆ, ಯಾಕೆ? ತೋಟಕ್ಕೆ ಮದ್ದು ಬಿಟ್ಟದ್ದರಿಂದ ಹೀಗಾಯಿತೇ? ಇನ್ನು ಮುಂದೆ ಅಣ್ಣ ಏನನ್ನು ದೂರ ಇಡಬೇಕು?

ಉತ್ತರ: ‘ಮನೆಗೆ ನಡೆದು ಬಂದ’ ಎಂಬ ಸಾಲನ್ನು ಎರಡು ಸಲ ಓದಿದೆ. ಈ ಕಾಯಿಲೆಯಲ್ಲಿ ಎಲ್ಲ ಮನೆಯವರಿಗೂ ಆ ಸಾಲು ಬರೆಯುವ ಭಾಗ್ಯ ಸಿಗುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಕೊಟ್ಟದ್ದು ಸರಿ. ವರದಿಗಳೆಲ್ಲ ಬರಲಿ ಎಂದು ಕಾಯದೆ ಅಂದೇ ಶುರು ಮಾಡಿದ್ದು ಇನ್ನೂ ಸರಿ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಾಸರಗೋಡು ಜಿಲ್ಲೆಯವರು ಇದನ್ನು ತಿಳಿದಿರುವುದು ಬೇರೆಯವರಿಗಿಂತ ಹೆಚ್ಚು ಅಗತ್ಯ ಎಂದು ನನಗನಿಸುತ್ತದೆ.

ಕಾಮಾಲೆ, ನಮ್ಮ ಹಿರಿಯರ ಬಾಯಲ್ಲಿ ಅರಶಿನ ಮುಂಡಿಗೆ, ಬಂದವರಲ್ಲಿ ಹೆಚ್ಚಿನವರು ತಾವಾಗಿಯೇ ಗುಣವಾಗುತ್ತಾರೆ. ಊರಿನ ಮದ್ದಿಗೆ ಹೆಸರು ಬಂದದ್ದೂ ಹಾಗೆಯೇ. ಆದರೆ ಕೆಲವರಲ್ಲಿ, ಮೊದಲು ಲಿವರ್ ಕಾಯಿಲೆ ಏನೂ ಇಲ್ಲದವರಲ್ಲಿ, ಕೆಲವೇ ದಿನ ಅಥವಾ ವಾರಗಳಲ್ಲಿ ಲಿವರ್ ಕೈಬಿಡುತ್ತದೆ. ಅದನ್ನು ಗುರುತಿಸಲು ಎರಡು ಗುರುತು ಸಾಕು. ಒಂದು, ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಐಎನ್‌ಆರ್ ಎಂಬ ಪರೀಕ್ಷೆ 1.5 ಅಥವಾ ಅದಕ್ಕಿಂತ ಮೇಲೆ ಹೋಗುತ್ತದೆ. ಎರಡು, ಬುದ್ಧಿ ಮಂಕಾಗುತ್ತದೆ. ಇವೆರಡೂ ಕೂಡಿದ ದಿನ ಅದು ಬರೀ ಕಾಮಾಲೆಯಲ್ಲ, ತೀವ್ರ ಲಿವರ್ ವೈಫಲ್ಯ. ಕಣ್ಣು ಎಷ್ಟು ಹಳದಿ, ಬಿಲಿರುಬಿನ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಐಎನ್‌ಆರ್ ಎಷ್ಟು ಎಂದು ಕೇಳುವವರು ಕಡಿಮೆ. ಜೀವ ಉಳಿಯುವುದೋ ಇಲ್ಲವೋ ಎಂಬುದನ್ನು ಹೆಚ್ಚು ಹೇಳುವುದು ಐಎನ್‌ಆರ್.

ಈಗ ಎನ್-ಅಸಿಟೈಲ್‌ಸಿಸ್ಟೀನ್. ನಾವು ಎನ್‌ಎಸಿ ಎನ್ನುತ್ತೇವೆ. ಹಳೆಯ ಮದ್ದು, ಬೆಲೆಯೂ ಹೆಚ್ಚಲ್ಲ. ಸೀಸೆ ಒಡೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದರಲ್ಲಿ ಗಂಧಕದ ಅಂಶ ಇದೆ. ಪ್ಯಾರಾಸಿಟಮಾಲ್ ಮಿತಿಮೀರಿದಾಗ ಲಿವರಿನ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಮುಗಿದುಹೋಗುತ್ತದೆ, ಅದನ್ನು ಈ ಮದ್ದು ಮತ್ತೆ ತುಂಬಿಕೊಡುತ್ತದೆ. ನೀವು ಕೇಳಿ ತಿಳಿದದ್ದು ಈ ಉಪಯೋಗ. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಸಣ್ಣ ರಕ್ತನಾಳಗಳಲ್ಲಿ ರಕ್ತದ ಓಡಾಟವನ್ನು ಸುಧಾರಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ಹಾಗಾಗಿ ಕಾರಣ ಯಾವುದೇ ಇರಲಿ, ಸಾಯುವ ಅಂಚಿನಲ್ಲಿರುವ ಲಿವರ್ ಕೋಶಗಳಿಗೆ ಇದು ಆಸರೆಯಾದೀತೇ ಎಂದು ನೋಡಲು ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಅದು ಪ್ರಕಟವಾದದ್ದು 2009ರಲ್ಲಿ.

ಪ್ಯಾರಾಸಿಟಮಾಲ್ ಕಾರಣವಲ್ಲದ ಲಿವರ್ ವೈಫಲ್ಯದ 173 ಮಂದಿ ವಯಸ್ಕರು ಅದರಲ್ಲಿದ್ದರು. ಒಂದು ಗುಂಪಿಗೆ 72 ಗಂಟೆ ಎನ್‌ಎಸಿ, ಇನ್ನೊಂದಕ್ಕೆ ಬರೀ ಗ್ಲೂಕೋಸ್ ನೀರು. ಮೂರು ವಾರದ ಕೊನೆಗೆ ಒಟ್ಟು ಬದುಕಿದವರ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ: 70 ಶೇಕಡಾ, 66 ಶೇಕಡಾ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಲಿವರ್ ಕಸಿ ಇಲ್ಲದೆ, ತಮ್ಮದೇ ಲಿವರಿನಲ್ಲಿ ಬದುಕಿದವರು ಎನ್‌ಎಸಿ ಗುಂಪಿನಲ್ಲಿ 40 ಶೇಕಡಾ, ಇನ್ನೊಂದರಲ್ಲಿ 27. ಬುದ್ಧಿ ಸ್ವಲ್ಪವೇ ಮಂಕಾಗಿದ್ದವರನ್ನು, ಅಂದರೆ ಒಂದು ಮತ್ತು ಎರಡನೇ ಹಂತದವರನ್ನು ಮಾತ್ರ ತೆಗೆದುಕೊಂಡರೆ 52 ಎದುರು 30. ಆಳವಾದ ಮಂಪರು, ಕೋಮಾಕ್ಕೆ ಹೋದವರಲ್ಲಿ ಮಾತ್ರ ಎನ್‌ಎಸಿಯಿಂದ ಪ್ರಯೋಜನವೇ ಕಾಣಲಿಲ್ಲ; 9 ಎದುರು 22, ತಿರುಗುಮುರುಗು.

ಈ ಕೊನೆಯ ಎರಡು ಸಾಲು ನನ್ನ ಇಡೀ ಉತ್ತರದ ತಿರುಳು. ಅದೇ ಮದ್ದು, ಅದೇ ಪ್ರಮಾಣ. ರೋಗಿ ತಡವರಿಸಿ ಮಾತಾಡುತ್ತಿರುವಾಗ ಕೊಟ್ಟರೆ ಲಾಭ, ಕೋಮಾಕ್ಕೆ ಹೋದಮೇಲೆ ಕೊಟ್ಟರೆ ಇಲ್ಲ. ಅಮೆರಿಕದಷ್ಟು ಸುಲಭವಾಗಿ ಕಸಿ ಸಿಗದ ನಮ್ಮಲ್ಲಿ, ಕಸಿ ಇಲ್ಲದೆ ಬದುಕುವ ಅವಕಾಶ ಹೆಚ್ಚುವುದೆಂದರೆ ಸಣ್ಣ ಮಾತಲ್ಲ. ಹಾಗಾಗಿ ಬಾಗಿಲು ತೆರೆದಿರುವುದು ಒಂದೆರಡು ದಿನ, ಕೆಲವರಲ್ಲಿ ಕೆಲವೇ ಗಂಟೆ. ನಿಮ್ಮ ಅಣ್ಣನ ವೈದ್ಯರು ಆ ಬಾಗಿಲಿನಲ್ಲಿ ಒಳಗೆ ಹೋದರು.

ಬಾಗಿಲು ತೆರೆದಿದೆ ಎಂದು ಗುರುತಿಸುವವರು ಯಾರು? ಇಲ್ಲಿ ಕಾಸರಗೋಡಿನವರಾದ ನಮಗೊಂದು ತೊಡಕು ಇದೆ, ಪುಸ್ತಕಗಳಲ್ಲಿ ಅದನ್ನು ಬರೆದಿಲ್ಲ. ಮೊದಲ ಹಂತದ ಮಂಕುತನ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಮಾತಿನಲ್ಲಿ ಕಾಣುತ್ತದೆ, ಅದೂ ಮನೆಮಾತಿನಲ್ಲಿ. ಹವ್ಯಕ ಕನ್ನಡವೋ ತುಳುವೋ ಆಡುವ ರೋಗಿಯ ಮಂಚದ ಬಳಿ ಮಲಯಾಳ ಮಾತ್ರ ಗೊತ್ತಿರುವ ನರ್ಸ್ ಬಂದು ‘ಪೇರೆಂದಾ?’ ಎಂದು ಕೇಳಿದರೆ ಅವನು ಹೆಸರು ಹೇಳುತ್ತಾನೆ. ‘ಸುಖಮಾಣೋ?’ ಎಂದರೆ ‘ಹ್ಞೂಂ’ ಎನ್ನುತ್ತಾನೆ. ಚಾರ್ಟಿನಲ್ಲಿ ‘ಪೂರ್ತಿ ಎಚ್ಚರ’ ಎಂದು ಬರೆದಾಯಿತು. ಅದೇ ಹೊತ್ತಿಗೆ ಹೆಂಡತಿ ಬಂದು ‘ನಿನ್ನೆ ಅಡಿಕೆಗೆ ರೇಟು ಎಷ್ಟಿತ್ತು?’ ಎಂದು ಕೇಳಿದರೆ ಉತ್ತರ ‘ಎನಗೆಂತದೂ ಆಯಿದಿಲ್ಲೆ’, ಅಂದರೆ ನನಗೇನೂ ಆಗಿಲ್ಲ. ಏನು ಕೇಳಿದರೂ ಅದೇ. ಆ ನರ್ಸಿನ ತಪ್ಪಲ್ಲ ಇದು. ಆ ಗಳಿಗೆಯಲ್ಲಿ ಹೆಂಡತಿಗೆ ಕಂಡದ್ದು ಇಡೀ ವಾರ್ಡಿನಲ್ಲಿ ಇನ್ಯಾರಿಗೂ ಕಾಣಲು ಸಾಧ್ಯವಿಲ್ಲ, ಅಷ್ಟೇ.

ಅದಕ್ಕೇ ನಾನು ಕಾಮಾಲೆಯ ರೋಗಿಗಳಿಂದ ದಿನಾ ಬೆಳಿಗ್ಗೆ ಒಂದು ಕಾಗದದಲ್ಲಿ ಸಹಿ ಹಾಕಿಸುತ್ತೇನೆ, ಅವರ ಅಕ್ಷರದಲ್ಲೇ. ಮುಳ್ಳೇರಿಯ ಕಡೆಯ ಒಬ್ಬರು ಬಹಳ ವರ್ಷ ಲೆಕ್ಕ ಬರೆದವರು, ಮುತ್ತು ಪೋಣಿಸಿದಂಥ ಅಕ್ಷರ. ಅವರ ಹೆಸರಿನಲ್ಲಿ ಎರಡು ಒತ್ತಕ್ಷರ. ಮೊದಲ ದಿನ ಎರಡೂ ತಮ್ಮ ಜಾಗದಲ್ಲಿದ್ದವು. ಎರಡನೇ ದಿನ ಒಂದು ಒತ್ತು ಅಕ್ಷರದ ಕೆಳಗಿಂದ ಜಾರಿ ಪಕ್ಕಕ್ಕೆ ಬಂದಿತ್ತು. ಮೂರನೇ ದಿನ ಎರಡೂ ಇರಲಿಲ್ಲ, ಸಾಲು ಕಾಗದದ ಅಂಚಿನ ಕಡೆ ಇಳಿದಿತ್ತು. ಮಾತಾಡಿಸಿದರೆ ಆಗಲೂ ನಗುತ್ತಲೇ ‘ಆರಾಮ’ ಎಂದರು. ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಿ ಹಿಡಿಯಿರಿ ಎಂದೆ; ಮಣಿಕಟ್ಟಿನಲ್ಲಿ ಕೈ ಹಕ್ಕಿಯ ರೆಕ್ಕೆಯಂತೆ ಪಟಪಟ ಬಿತ್ತು. ಅದು ಎರಡನೇ ಹಂತ. ಆ ದಿನ ನಾನು ಒಂದು ವರದಿ ಬರಲಿ, ಕಾರಣ ತಿಳಿಯಲಿ ಎಂದು ಸಂಜೆಯವರೆಗೆ ಕಾದೆ. ಸಂಜೆಗೆ ಅವರು ಎಬ್ಬಿಸಿದರೂ ಏಳಲಿಲ್ಲ. ಆಮೇಲೆ ನಾನು ಎಂದೂ ಕಾದಿಲ್ಲ.

ನಿಮ್ಮ ಅಣ್ಣ ಹಗಲು ಮಲಗಿ ರಾತ್ರಿ ಎದ್ದು ಕೂತದ್ದು ಇದೇ ಮೊದಲ ಲಕ್ಷಣ. ಎಷ್ಟೋ ಮನೆಗಳಲ್ಲಿ ಇದನ್ನು ‘ಸುಸ್ತು, ನಿದ್ದೆ ಕೆಟ್ಟಿದೆ’ ಎಂದು ತಿಳಿದು ನಿದ್ದೆ ಮಾತ್ರೆ ಕೊಡಿಸುತ್ತಾರೆ. ದಯವಿಟ್ಟು ಬೇಡ. ಮಾತ್ರೆಯ ಮಂಪರು ಯಾವುದು, ಲಿವರಿನ ಮಂಪರು ಯಾವುದು ಎಂದು ಆಮೇಲೆ ಯಾರಿಗೂ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು ದಾರಿಯದ್ದು. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು. ಒಳನಾಡಿನ ಪೆರ್ಲ, ಅಡೂರು ಕಡೆಯವರಿಗೆ ಇನ್ನೂ ಸುತ್ತು. 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ದೂರಕ್ಕೆ ಎಷ್ಟು ಬೆಲೆ ಎಂಬುದನ್ನು ನಮ್ಮ ಮನೆಗಳು ಕಂಡಿವೆ. ಐಎನ್‌ಆರ್ ಪರೀಕ್ಷೆಗೆ ಗಡಿ ದಾಟಬೇಕಾಗಿಲ್ಲ, ಪೇಟೆಯ ಲ್ಯಾಬಿನಲ್ಲೇ ಆಗುತ್ತದೆ. ಹತ್ತಿರದ ಆಸ್ಪತ್ರೆಯಿಂದ ಮಂಗಳೂರಿಗೆ ಬರೆದುಕೊಟ್ಟರೆ ಮರ್ಯಾದೆಯಿಂದ ಎರಡು ಮಾತು ಕೇಳಿ: ‘ಎನ್‌ಎಸಿ ಇಲ್ಲಿಂದಲೇ ಶುರು ಮಾಡಿ ಕಳುಹಿಸಬಹುದೇ? ದಾರಿಗೆ ಗ್ಲೂಕೋಸ್ ಡ್ರಿಪ್ ಇದೆಯೇ?’ ಎರಡನೆಯದು ಮೊದಲನೆಯದರಷ್ಟೇ ಮುಖ್ಯ. ಲಿವರ್ ಸೋತಾಗ ರಕ್ತದ ಸಕ್ಕರೆ ಹೇಳದೆ ಕೇಳದೆ ಕುಸಿಯುತ್ತದೆ. ಆಂಬುಲೆನ್ಸಿನಲ್ಲಿ ಬೆರಳು ಚುಚ್ಚಿ ನೋಡುತ್ತಾ ಹೋಗಬೇಕು.

ಪ್ರಮಾಣವನ್ನೂ ಹೇಳಿಬಿಡುತ್ತೇನೆ, ನಿಮ್ಮ ಡಿಸ್ಚಾರ್ಜ್ ಕಾಗದ ಓದಿಕೊಳ್ಳಲು ಅನುಕೂಲ. ಆ ಅಧ್ಯಯನದ ಲೆಕ್ಕದಲ್ಲಿ ಮೊದಲ ಗಂಟೆಯಲ್ಲಿ ಕಿಲೋ ತೂಕಕ್ಕೆ 150 ಮಿಲಿಗ್ರಾಂ, ಮುಂದಿನ 4 ಗಂಟೆ ಗಂಟೆಗೆ 12.5, ಉಳಿದ 67 ಗಂಟೆ ಗಂಟೆಗೆ 6.25 ಮಿಲಿಗ್ರಾಂ. 60 ಕಿಲೋದವರಿಗೆ ಸರಿಸುಮಾರು 9 ಗ್ರಾಂ, 3 ಗ್ರಾಂ, 25 ಗ್ರಾಂ. ವಾಂತಿ ಸಾಮಾನ್ಯ, ಕೆಲವರಿಗೆ ಮೈ ಕೆಂಪಾಗಿ ತುರಿಕೆ, ಅಪರೂಪಕ್ಕೆ ಉಬ್ಬಸ. ಕೆಮ್ಮಿಗೆ ಕೊಡುವ ಎನ್‌ಎಸಿ ಗುಳಿಗೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಎಂದು ಕಾಮಾಲೆ ಬಂದವರಿಗೆ ಮನೆಯಲ್ಲಿ ಕೊಡುವುದಕ್ಕೆ ಹೋಗಬೇಡಿ. ಇದು ಐಸಿಯುವಿನ ಕೆಲಸ.

ಪಕ್ಕದ ಮನೆಯ ಮಗುವಿನ ವಿಷಯ. ಅಲ್ಲಿನ ವೈದ್ಯರೂ ಸರಿಯೇ. ದೊಡ್ಡವರಲ್ಲಿ ಕಂಡ ಲಾಭ ಮಕ್ಕಳಲ್ಲೂ ಇರಬೇಕು ಎಂದು ಎಲ್ಲರೂ ನಂಬಿದ್ದರು. 184 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಬಂದಾಗ ಆ ನಂಬಿಕೆ ಬಿತ್ತು. ಒಂದು ವರ್ಷದ ಕೊನೆಗೆ ಕಸಿ ಇಲ್ಲದೆ ಬದುಕಿದ ಮಕ್ಕಳು ಎನ್‌ಎಸಿ ಗುಂಪಿನಲ್ಲಿ 35 ಶೇಕಡಾ, ಕೊಡದ ಗುಂಪಿನಲ್ಲಿ 53. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅಂತರ ಇನ್ನೂ ಹೆಚ್ಚು. ಹಾಗಾಗಿ ಪ್ಯಾರಾಸಿಟಮಾಲ್ ಹೆಚ್ಚಾಗಿದ್ದರೆ ಮಗುವಿಗೂ ಕೊಡಲೇಬೇಕು; ಬೇರೆ ಕಾರಣಕ್ಕೆ, ಕಾರಣ ತಿಳಿಯದ್ದಕ್ಕೆ, ಸಾಮಾನ್ಯವಾಗಿ ಕೊಡುವುದಿಲ್ಲ.

ಸ್ಟಿರಾಯ್ಡ್ ಬಗ್ಗೆ ನಿಮ್ಮ ನೆಂಟರು ಹೇಳಿದ್ದನ್ನು ನಾನು ದಿನಾ ಕೇಳುತ್ತೇನೆ. ಉರಿಯೂತ ಇದ್ದರೆ ಸ್ಟಿರಾಯ್ಡ್ ಕೊಡಬಾರದೇ ಎಂಬ ತರ್ಕ ಸಹಜ. 1970ರ ದಶಕದಲ್ಲೇ ಪರೀಕ್ಷಿಸಿ ಪ್ರಯೋಜನ ಕಾಣದೆ ಬಿಟ್ಟರು. 2014ರಲ್ಲಿ ಅಮೆರಿಕದ 361 ರೋಗಿಗಳ ದಾಖಲೆ ತೆಗೆದು ನೋಡಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬಿದ್ದವರು, ಮದ್ದಿನಿಂದ ಲಿವರ್ ಕೆಟ್ಟವರು, ಕಾರಣ ತಿಳಿಯದವರು ಮೂವರೂ ಅದರಲ್ಲಿದ್ದರು. ಒಟ್ಟಾರೆ ಬದುಕುವ ಪ್ರಮಾಣ ಹೆಚ್ಚಲಿಲ್ಲ, ತೀರಾ ಕೈಮೀರಿದವರಲ್ಲಿ ಕಡಿಮೆಯೇ ಇತ್ತು. ಲಿವರ್ ಸೋತವರನ್ನು ಕೊಲ್ಲುವುದರಲ್ಲಿ ಸೋಂಕಿನ ಪಾಲು ದೊಡ್ಡದು, ಸ್ಟಿರಾಯ್ಡ್ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್, ಅಂದರೆ ರಕ್ಷಣಾ ವ್ಯವಸ್ಥೆ ಹಾಗೆ ತಿರುಗಿಬಿದ್ದ ಕಾಯಿಲೆ, ಎಂದು ಗಟ್ಟಿ ಅನುಮಾನ ಇದ್ದು, ಇನ್ನೂ ಕಾಲ ಮಿಂಚದಿದ್ದರೆ ಪ್ರಯತ್ನಿಸುತ್ತೇವೆ. ಕಾರಣ ತಿಳಿಯದು ಎಂಬ ಒಂದೇ ಕಾರಣಕ್ಕೆ ಕೊಡುವುದಿಲ್ಲ.

ಲಿವರ್ ಟಾನಿಕ್ಕುಗಳ ಮಾತನ್ನು ಬೇಗ ಮುಗಿಸುತ್ತೇನೆ. ಲಿವರ್ ಸೋತಾಗ ರಕ್ತದಲ್ಲಿ ಏರಿ ಬುದ್ಧಿಯನ್ನು ಮಂಕಾಗಿಸುವ ಅಮೋನಿಯಾವನ್ನು ಇಳಿಸುತ್ತದೆಂದು ಎಲ್ಲೆಡೆ ಬರೆಯುವ ಎಲ್‌ಒಎಲ್‌ಎ ಎಂಬ ಮದ್ದನ್ನು ದಿಲ್ಲಿಯ ಏಮ್ಸ್‌ನಲ್ಲಿ ಇದೇ ಕಾಯಿಲೆಯ 201 ರೋಗಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು: ಸಾವು ತಗ್ಗಲಿಲ್ಲ. ಪ್ಲಾಸ್ಮಾ ಕೊಟ್ಟು ಐಎನ್‌ಆರ್ ಅಂಕಿಯನ್ನು ಚಂದ ಮಾಡುವುದೂ ಬೇಡ. ರಕ್ತ ಸೋರುತ್ತಿದ್ದರೆ, ಏನಾದರೂ ಚುಚ್ಚುವ ಕೆಲಸ ಇದ್ದರೆ ಸರಿ. ಸುಮ್ಮನೆ ಕೊಟ್ಟರೆ ಲಿವರ್ ಚೇತರಿಸುತ್ತಿದೆಯೋ ಇಲ್ಲವೋ ಎಂದು ಹೇಳುವ ಒಂದೇ ಗಡಿಯಾರವನ್ನು ನಾವೇ ಕೆಡಿಸಿದಂತೆ. ಮೆದುಳು ಬಾತುಕೊಂಡರೆ ಮ್ಯಾನಿಟಾಲ್, ಗಾಢ ಉಪ್ಪುನೀರಿನ ಡ್ರಿಪ್; ಅಮೋನಿಯಾ ತೀರಾ ಏರಿದರೆ ನಿಧಾನಗತಿಯ ಡಯಾಲಿಸಿಸ್. ರಕ್ತದ ಪ್ಲಾಸ್ಮಾವನ್ನೇ ಬದಲಿಸುವ ಚಿಕಿತ್ಸೆಯೂ ಇದೆ. 2016ರಲ್ಲಿ ಪ್ರಕಟವಾದ 182 ರೋಗಿಗಳ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಸುಮಾರು 59 ಶೇಕಡಾ, ಮಾಡದವರಲ್ಲಿ 48 ಶೇಕಡಾ ಮಂದಿ ಬದುಕಿ ಮನೆಗೆ ಹೋದರು. ಅಲ್ಲಿಗೂ ನಿಲ್ಲದಿದ್ದರೆ ಕಸಿ. ಅದಕ್ಕೇ ಎರಡನೇ ಹಂತದಲ್ಲೇ ಕಸಿ ಮಾಡುವ ಕೇಂದ್ರದೊಂದಿಗೆ ಮಾತಾಡಿರಬೇಕು.

ಇನ್ನು ‘ಕಾರಣ ತಿಳಿದಿಲ್ಲ’ ಎಂಬ ಆ ಮೂರು ಶಬ್ದ... ಕ್ಷಮಿಸಿ, ಎರಡೇ ಶಬ್ದ, ಆದರೆ ನಿಮ್ಮನ್ನು ಅಷ್ಟು ಕಾಡಿದೆ. ಅದು ಕೊನೆಯ ತೀರ್ಪಲ್ಲ. ಹೀಗೆ ಬರೆದಿದ್ದ 36 ಅಮೆರಿಕನ್ ರೋಗಿಗಳ ರಕ್ತವನ್ನು ಮತ್ತೆ ಪರೀಕ್ಷಿಸಿದಾಗ 7 ಜನರಲ್ಲಿ ಪ್ಯಾರಾಸಿಟಮಾಲಿನಿಂದ ಲಿವರ್ ಕೆಟ್ಟ ಗುರುತು ಸಿಕ್ಕಿತು. ಅದು ಬಂದದ್ದು 2006ರಲ್ಲಿ. ಮುಂದೆ 303 ಮಂದಿಯ ದಾಖಲೆಗಳನ್ನು ತಜ್ಞರು ಕೂತು ಓದಿದಾಗ ಅರ್ಧಕ್ಕರ್ಧ ಜನರಿಗೆ ಕಾರಣ ಸಿಕ್ಕಿತು. ಎಷ್ಟೋ ಸಲ ಕಾರಣ ಇರುತ್ತದೆ, ಕೇಳಿರುವುದಿಲ್ಲ.

ನಾನು ಕೇಳುವ ಕ್ರಮ ಹೀಗೆ. ಮನೆಯಲ್ಲಿರುವ ಎಲ್ಲ ಮದ್ದನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ ಎನ್ನುತ್ತೇನೆ, ಮೇಜಿನ ಮೇಲೆ ಸುರಿಯುತ್ತೇನೆ. ಒಮ್ಮೆ ಒಬ್ಬ ತಾಯಿ ತಂದ ಚೀಲದಲ್ಲಿ ಜ್ವರದ ಮಾತ್ರೆ, ಶೀತದ ಮಾತ್ರೆ, ಮೈಕೈ ನೋವಿನ ಮಾತ್ರೆ ಎಂದು ಮೂರು ಬಣ್ಣದ ಪಟ್ಟಿಗಳಿದ್ದವು. ತಿರುಗಿಸಿ ಓದಿದರೆ ಮೂರರಲ್ಲೂ ಪ್ಯಾರಾಸಿಟಮಾಲ್. ಮಗ ಊಟ ಬಿಟ್ಟು ಐದು ದಿನ ಮೂರನ್ನೂ ನುಂಗಿದ್ದ. ದಿನಕ್ಕೆ 4 ಗ್ರಾಂ ದೊಡ್ಡವರ ಮಿತಿ. ಉಪವಾಸ ಇದ್ದವರಿಗೆ ಅಷ್ಟೂ ಹೆಚ್ಚು. ಅವನು ಸುಳ್ಳು ಹೇಳಿರಲಿಲ್ಲ. ‘ಪ್ಯಾರಾಸಿಟಮಾಲ್ ಎಷ್ಟು ತಿಂದೆ’ ಎಂದು ಕೇಳಿದ್ದೆವು, ‘ಒಂದು’ ಎಂದಿದ್ದ.

ಚೀಲದಲ್ಲಿ ಕ್ಷಯರೋಗದ ಗುಳಿಗೆ ಇದೆಯೇ? ನಮ್ಮ ದೇಶದಲ್ಲಿ ಮದ್ದಿನಿಂದ ಲಿವರ್ ಕೆಡುವುದಕ್ಕೆ ಅವೇ ದೊಡ್ಡ ಕಾರಣ. ಅಮೃತಬಳ್ಳಿ ಇದೆಯೇ? ಕೋವಿಡ್ ಕಾಲದಲ್ಲಿ ಅದನ್ನು ಕುದಿಸಿ ಕುಡಿದು ಲಿವರ್ ಕೆಟ್ಟ ಆರು ಜನರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ಬರೆದರು. ನೆಲನೆಲ್ಲಿಯನ್ನು ನಾನು ದೂರುವುದಿಲ್ಲ, ನನ್ನ ಅಜ್ಜಿಯೂ ಅರೆದು ಕೊಡುತ್ತಿದ್ದರು. ಆದರೆ ಊರಿನ ಮದ್ದಿನ ಬಾಟಲಿಯಲ್ಲಿ ನೆಲನೆಲ್ಲಿಯ ಜೊತೆ ಇನ್ನೇನಿದೆ ಎಂದು ಕೊಟ್ಟವರೇ ಹೇಳದಿದ್ದರೆ ನನಗೆ ಭಯ. ಮಳೆಗಾಲದಲ್ಲಿ ಕಾಡಿನ ಅಣಬೆ ತಿಂದಿದ್ದಾರೆಯೇ ಎಂದೂ ಕೇಳುತ್ತೇನೆ. ಇಲಿ ಪಾಷಾಣದ ಪೇಸ್ಟ್ ಮನೆಯಲ್ಲಿತ್ತೇ ಎಂಬ ಪ್ರಶ್ನೆಯನ್ನು ಎಲ್ಲರನ್ನೂ ಹೊರಗೆ ಕಳಿಸಿ ಕೇಳುತ್ತೇನೆ. ಅದರಲ್ಲಿರುವ ಹಳದಿ ರಂಜಕ ಮೊದಲ ಎರಡು ಮೂರು ದಿನ ಸುಮ್ಮನಿದ್ದು ಆಮೇಲೆ ಲಿವರನ್ನು ಹಿಡಿಯುತ್ತದೆ, ಮನೆಯವರು ನಾಚಿಕೆಯಿಂದ ಹೇಳುವುದಿಲ್ಲ. ಯಾರನ್ನೂ ದೂರಲು ಕೇಳುವುದಲ್ಲ ಇದು.

ಜುಲೈ ಎಂದಿರಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಬಿಡುವ ಕಾಲ. ಮೈಲುತುತ್ತು ಹೊಟ್ಟೆಗೆ ಹೋದರೆ ವಿಷವೇ; ತೋಟಕ್ಕೆ ಸಿಂಪಡಿಸಿದ್ದನ್ನು ನಿಮ್ಮ ಅಣ್ಣನ ಕಾಯಿಲೆಗೆ ಕಾರಣವೆಂದು ನಾನು ಬರೆಯಲಾರೆ. ಆ ಚಿಂತೆ ಬಿಡಿ. ಅದಕ್ಕಿಂತ, ಮೊದಲ ದಿನಗಳಲ್ಲಿ ನೆಗೆಟಿವ್ ಬಂದ ಹೆಪಟೈಟಿಸ್ ಎ ಮತ್ತು ಇ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿದ್ದರೇ ಎಂದು ಕಾಗದ ನೋಡಿ. ಕೆಲವರಲ್ಲಿ ತಡವಾಗಿ ಪಾಸಿಟಿವ್ ಆಗುತ್ತದೆ.

ಈಗ ಮಾಡಬೇಕಾದದ್ದು. ತೀವ್ರ ವೈಫಲ್ಯದಿಂದ ಎದ್ದುಬಂದ ಲಿವರ್ ಹೆಚ್ಚಾಗಿ ಮೊದಲಿನಂತೆಯೇ ಬೆಳೆಯುತ್ತದೆ, ಅದನ್ನು ರೋಗಿಷ್ಠನಂತೆ ಕಾಪಾಡಬೇಕಾಗಿಲ್ಲ. ಅಣ್ಣ ಎಲ್ಲರಂತೆ ಉಣ್ಣಲಿ, ತುಪ್ಪ ಬಿಡಬೇಕಾಗಿಲ್ಲ. ಲಿವರ್ ಪರೀಕ್ಷೆಗಳು ಪೂರ್ತಿ ಸರಿಯಾಗುವವರೆಗೆ ವೈದ್ಯರು ಹೇಳಿದ ದಿನಕ್ಕೆ ಮಾಡಿಸಿ. ಆಟೋಇಮ್ಯೂನ್ ಮತ್ತು ವಿಲ್ಸನ್ ಕಾಯಿಲೆಯ ಪರೀಕ್ಷೆ, ಅಂದರೆ ದೇಹದಲ್ಲಿ ತಾಮ್ರ ಶೇಖರವಾಗುವ ಕಾಯಿಲೆಯದ್ದು, ಆಗಿರದಿದ್ದರೆ ಈಗ ಮಾಡಿಸಿ. ವಿಲ್ಸನ್ ಎಂದಾದರೆ ಒಡಹುಟ್ಟಿದ ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಹಾಕಿಸಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನಿಷಿದ್ಧವಲ್ಲ, ವೈದ್ಯರು ಹೇಳಿದಷ್ಟು, ಒಂದೇ ಪಟ್ಟಿಯಿಂದ.

ದೂರ ಇಡಬೇಕಾದದ್ದು ಕಾಮಾಲೆಗೆ ಮುಂಚಿನ ಮೂರು ನಾಲ್ಕು ತಿಂಗಳಲ್ಲಿ ಹೊಸದಾಗಿ ತೆಗೆದುಕೊಂಡ ಯಾವುದೇ ಮದ್ದು. ಮಾತ್ರೆ, ಲೇಹ್ಯ, ಕಷಾಯ, ಜಿಮ್ಮಿನ ಪುಡಿ, ಎಲ್ಲವೂ. ಮದ್ದಿನಿಂದಲೇ ಆಗಿದ್ದರೆ ಎರಡನೇ ಸಲ ಅದೇ ಮದ್ದು ಲಿವರನ್ನು ಇನ್ನೂ ಬೇಗ ಕೆಡಿಸೀತು. ಅಣ್ಣನನ್ನು ಕೂರಿಸಿ, ಪಂಚಾಂಗ ಎದುರಿಟ್ಟುಕೊಂಡು, ಯಾವ ವಾರ ಏನು ತಿಂದ ಎಂದು ಒಂದು ಹಾಳೆಯಲ್ಲಿ ಬರೆಸಿ. ಊರಿನ ಮದ್ದನ್ನು ಕಾಮಾಲೆ ಕಾಣಿಸಿದ ಮೇಲೆ ಕೊಟ್ಟದ್ದೋ, ಅದಕ್ಕೂ ಮೊದಲು ಸುಸ್ತು ಎಂದು ಬೇರೇನಾದರೂ ಕೊಟ್ಟಿದ್ದಿರೋ ಎಂಬುದನ್ನು ಬಿಡಿಸಿ ಬರೆಯಿರಿ. ಬಾಟಲಿ ಇನ್ನೂ ಮನೆಯಲ್ಲಿದ್ದರೆ ಚೆಲ್ಲಬೇಡಿ. ಮುಂದಿನ ಸಲ ಮಂಗಳೂರಿಗೆ ಹೋಗುವಾಗ ಹಾಳೆಯ ಜೊತೆ ಅದನ್ನೂ ಚೀಲದಲ್ಲಿ ಹಾಕಿಕೊಳ್ಳಿ.